ಫ್ರೀ ಇದ್ದೀರಾ?

ಇಂಗ್ಲಿಷಿನ ಒಂದಕ್ಷರ ಓದಲು ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಇಂಗ್ಲಿಷ್ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಬಸ್ಸು, ಲೈಟು, ಟೈಮು ಇವೆಲ್ಲ ಎಂದೋ ಕನ್ನಡವಾಗಿ ಹೋದವು. ಅವುಗಳ ಸಾಲಿನಲ್ಲೇ ಬಂದು ಕೂತಿದ್ದರೂ ಸ್ವಲ್ಪ ಬೇರೆ ಸ್ವಭಾವದ ಮಾತೊಂದಿದೆ. ಅದು ‘ಫ್ರೀ’. ಬಸ್ಸು ಎಂದರೆ ಬಸ್ಸೇ, ಲೈಟು ಎಂದರೆ ಲೈಟೇ. ಈ ಫ್ರೀ ಮಾತ್ರ ಬೆಳಗಿನಿಂದ ರಾತ್ರಿಯೊಳಗೆ ಬಹುರೂಪಿಯ ಹಾಗೆ ಹತ್ತು ವೇಷ ಹಾಕುತ್ತದೆ.

ನಮ್ಮ ವಿಜಯಪುರದ ಒಂದು ದಿನವನ್ನೇ ತೆಗೆದುಕೊಳ್ಳಿ. ವಿಜಯಪುರ ಎಂದೊಡನೆ ಗೋಳಗುಮ್ಮಟ ನೆನೆಯಬೇಡಿ. 2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರಾದ ಮೇಲೆ ಹೀಗೆ ಬಿಡಿಸಿ ಹೇಳುವುದು ನಮಗೆ ಅಭ್ಯಾಸವಾಗಿದೆ. ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ, ರೇಷ್ಮೆಗೂಡಿನ ಊರು. ಇಲ್ಲಿ ಬೆಳಿಗ್ಗೆ ನಲ್ಲಿ ರಿಪೇರಿಯವನು ಬಂದು ‘ಇದರ ತಿರುಪು ಫ್ರೀ ಆಗೋಗಿದೆ ಅಕ್ಕಾ’ ಅನ್ನುತ್ತಾನೆ. ಅಂದರೆ ಸಡಿಲವಾಗಿದೆ. ನೆಗಡಿಯಾಗಿದ್ದ ಮಗುವಿಗೆ ಹಬೆ ಹಿಡಿಸಿದ ಅಜ್ಜಿ ‘ಈಗ ಮೂಗು ಫ್ರೀ ಆಯ್ತು’ ಅನ್ನುತ್ತಾರೆ. ಅಂಗಡಿಯವನು ‘ಎರಡು ತಗೊಂಡ್ರೆ ಒಂದು ಫ್ರೀ’ ಅನ್ನುತ್ತಾನೆ. ನೈಟಿ ಮಾರುವವನದು ‘ಫ್ರೀ ಸೈಜ್’. ಮದುವೆ ಮನೆಗೆ ಹೆಣ್ಣುಮಕ್ಕಳು ಜಡೆ ಹೆಣೆಯದೆ ಹೊರಟರೆ ಅದು ‘ಫ್ರೀ ಹೇರ್’. ಎಂಜಿನಿಯರಿಂಗ್ ಸೇರುವವರಿಗೆ ಸಿಕ್ಕರೆ ಭಾಗ್ಯ, ಅದು ‘ಫ್ರೀ ಸೀಟು’. ಮಗಳಿಗೆ ಸೈಕಲ್ಲೋ ಫೋನೋ ಕೊಡಿಸಿದರೆ ‘ಹುಡುಗೀನ ತುಂಬ ಫ್ರೀ ಬಿಟ್ಟಿದಾರೆ’ ಎಂಬ ಟೀಕೆ. ಗಂಡು ನೋಡಲು ಬಂದವರ ಮುಂದೆ ಹುಡುಗಿ ತಲೆಯೆತ್ತಿ ನಾಲ್ಕು ಮಾತಾಡಿದರೆ, ಮನೆಗೆ ಹೋದ ಮೇಲೆ ಅವರಾಡುವ ಮಾತು: ‘ಹುಡುಗಿ ಒಳ್ಳೇವಳೇ, ಆದ್ರೆ ಸ್ವಲ್ಪ ಫ್ರೀ.’ ಇದೇ ಮಾತು ಹುಡುಗನ ಬಗ್ಗೆ ಬಂದರೆ ಹೊಗಳಿಕೆ: ‘ಹುಡುಗ ಬಲು ಫ್ರೀಯಪ್ಪ, ಬಿಗುಮಾನವೇ ಇಲ್ಲ.’ ಒಂದೇ ಮಾತು ಒಬ್ಬರ ಮೈಮೇಲೆ ಶಾಲಾಗುತ್ತದೆ, ಇನ್ನೊಬ್ಬರ ಮೈಮೇಲೆ ಕಲೆಯಾಗುತ್ತದೆ.

ಇಷ್ಟು ವೇಷಗಳ ನಡುವೆ ನಮ್ಮಂಥ ಹೆಂಗಸರು ಅತಿ ಹೆಚ್ಚು ಸಲ ಕೇಳುವುದು ಒಂದನ್ನು: ‘ಫ್ರೀ ಇದ್ದೀರಾ?’

ಇದನ್ನು ಕೇಳುವವರಿಗೆ ನಿಜವಾಗಿ ಉತ್ತರ ಬೇಕಿರುವುದಿಲ್ಲ. ಶಾಲೆಯಿಂದ ಬರುವ ತಮ್ಮ ಮಗುವನ್ನು ಎರಡು ಗಂಟೆ ನೋಡಿಕೊಳ್ಳಬೇಕು, ಗ್ಯಾಸಿನವನು ಬಂದರೆ ಸಿಲಿಂಡರ್ ತೆಗೆದಿಟ್ಟುಕೊಳ್ಳಬೇಕು, ಸೀಮಂತಕ್ಕೆ ಚಕ್ಕುಲಿ ಒತ್ತಬೇಕು. ‘ನೀವು ಹೇಗೂ ಮನೇಲಿ ಫ್ರೀ ಇರ್ತೀರಲ್ಲ’ ಎಂದು ಪ್ರಶ್ನೆಯ ಬಾಲದಲ್ಲೇ ಉತ್ತರವನ್ನೂ ಕಟ್ಟಿಕೊಂಡು ಬಂದಿರುತ್ತಾರೆ. ಇದರಲ್ಲಿ ಕೆಟ್ಟತನವೇನೂ ಇಲ್ಲ. ಬೀದಿಯಲ್ಲಿ ಒಬ್ಬರಿಗೊಬ್ಬರು ಆಗದಿದ್ದರೆ ಬದುಕು ಹೇಗೆ ನಡೆದೀತು? ನನ್ನನ್ನು ಕಾಡುವುದು ಬೇರೆ. ಇಲ್ಲಿ ಫ್ರೀ ಎಂದರೆ ನನಗೆ ಬಿಡುವಿದೆ ಎಂದೋ, ನನ್ನ ಹೊತ್ತಿಗೆ ಬೆಲೆಯಿಲ್ಲ ಎಂದೋ? ಕೇಳುವವರೂ ಇದನ್ನು ಯೋಚಿಸಿರುವುದಿಲ್ಲ. ಒಂದೇ ಮಾತಿನೊಳಗೆ ಎರಡೂ ಅರ್ಥ ಆರಾಮವಾಗಿ ಕೂತುಬಿಟ್ಟಿವೆ.

ನಮ್ಮ ಹಿರಿಯರ ಭಾಷೆ ಈ ವಿಷಯದಲ್ಲಿ ಹೆಚ್ಚು ಎಚ್ಚರವಾಗಿತ್ತು ಎನಿಸುತ್ತದೆ. ಕೆಲಸವಿಲ್ಲದ ಹೊತ್ತು ‘ಬಿಡುವು’. ಬಂಧನ ಕಳಚಿದರೆ ‘ಬಿಡುಗಡೆ’. ಕಾಸು ಕೊಡದೆ ಬಂದದ್ದು ‘ಪುಕ್ಕಟೆ’. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು ‘ಉಚಿತ’. ಈ ಉಚಿತ ಎಂಬ ಮಾತಿನ ಮೂಲಾರ್ಥ ತಕ್ಕದ್ದು, ಯೋಗ್ಯವಾದದ್ದು ಎಂದು. ಕೊಡುವುದು ತಕ್ಕದ್ದಾದ್ದರಿಂದ ಕೊಟ್ಟೆ, ಬೆಲೆ ಕೇಳಲಿಲ್ಲ ಎಂಬ ಭಾವ ಅದರಲ್ಲಿದೆ. ಸಂತೆಯಲ್ಲಿ ತರಕಾರಿಯವಳು ತೂಕವಾದ ಮೇಲೆ ನಾಲ್ಕು ಕಾಯಿ ಹೆಚ್ಚಿಗೆ ಹಾಕುತ್ತಿದ್ದಳಲ್ಲ, ಅದಕ್ಕಂತೂ ಎಷ್ಟು ಚೆಂದದ ಹೆಸರು: ‘ಕೊಸರು’. ಕೊಸರನ್ನು ಕೇಳಿ ಪಡೆಯುವುದರಲ್ಲೂ ಒಂದು ಸಲುಗೆಯಿತ್ತು. ‘ಕೊಸರು ಹಾಕಮ್ಮ’ ಎಂದರೆ ‘ನಿನಗಿಲ್ಲದ ಕೊಸರಾ ತಗೋ’ ಎಂದು ಎರಡೆಸಳು ಕರಿಬೇವು ಸೇರಿಸಿ ಕೊಡುವಳು. ಸೋಪಿನ ಪುಡಿಯ ಜೊತೆ ಬರುವ ಬಕೆಟ್ಟಿಗೆ ಈ ಮುಖವಿಲ್ಲ. ಅದರ ಬೆಲೆ ಪುಡಿಯ ಬೆಲೆಯೊಳಗೇ ಅಡಗಿದೆ ಎಂದು ಕೊಡುವವನಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು. ಆದರೂ ‘ಬಿಟ್ಟಿ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ’ ಎಂಬ ಗಾದೆ ಸುಳ್ಳಾಗಬಾರದಲ್ಲ, ತಂದಿಟ್ಟುಕೊಳ್ಳುತ್ತೇವೆ.

ಆ ಗಾದೆಯಲ್ಲಿ ಬಂದ ‘ಬಿಟ್ಟಿ’ಯ ಕಥೆ ಮಾತ್ರ ನಗುವಂಥದ್ದಲ್ಲ. ಅದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ವಿಷ್ಟಿಯೆಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಲೇಬೇಕಾದ ದುಡಿಮೆ. ಹಳೆಯ ಶಾಸನಗಳಲ್ಲಿ ಜನ ಹೊರಬೇಕಾದ ತೆರಿಗೆಗಳ ಪಟ್ಟಿಯಲ್ಲಿ ಬಿಟ್ಟಿಯೂ ಸೇರಿದೆ. ಹೊಲ ಉಳುವುದೋ, ಕೆರೆ ಏರಿಗೆ ಮಣ್ಣು ಹೊರುವುದೋ, ಕರೆದಾಗ ಹೋಗಲೇಬೇಕು. ‘ಬಿಟ್ಟಿ ಬೇಗಾರಿ’ ಎಂದು ನಾವು ಜೋಡಿಸಿ ಆಡುವ ಆ ಬೇಗಾರಿಯನ್ನು ನಮ್ಮ ಸಂವಿಧಾನದ 23ನೇ ವಿಧಿ ಹೆಸರು ಹಿಡಿದೇ ನಿಷೇಧಿಸಿದೆ. ಅಂದರೆ ನೋಡಿ, ಮನಸಾರೆ ಕೊಟ್ಟದ್ದಕ್ಕೆ ‘ಉಚಿತ’, ಕಿತ್ತುಕೊಂಡದ್ದಕ್ಕೆ ‘ಬಿಟ್ಟಿ’ ಎಂದು ಕನ್ನಡ ಎರಡು ಹೆಸರಿಟ್ಟುಕೊಂಡಿತ್ತು. ಕೊಟ್ಟವರ ಕೈಗೆ ಕಾಸು ಬರದಿರುವುದು ಎರಡರಲ್ಲೂ ಒಂದೇ. ಆದರೂ ಎರಡರ ನಡುವೆ ಆಕಾಶ ಭೂಮಿಯಷ್ಟು ದೂರ. ಫ್ರೀ ಎಂಬ ಮಾತು ಬಂದು ಈ ದೂರವನ್ನು ಸವೆಸಿಬಿಟ್ಟಿತು. ಈಗ ಎಲ್ಲವೂ ಫ್ರೀ.

ನಮ್ಮ ಊರ ಸುತ್ತಿನ ರೇಷ್ಮೆ ಮನೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರೇಷ್ಮೆಯವರಿಗೆ ದಿನನಿತ್ಯದ ಮಾತು ‘ಡಿ.ಎಫ್.ಎಲ್.’ ನೂರು ಮೊಟ್ಟೆ ಮೇಯಿಸಿದೆವು ಎಂದರೆ ನೂರು ಡಿ.ಎಫ್.ಎಲ್. ಎಂದರ್ಥ, ಒಂದೊಂದೂ ಒಂದೊಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಗುಂಪು. ಆ ಮೂರಕ್ಷರದ ಮಧ್ಯದಲ್ಲಿರುವ ಎಫ್, ನಮ್ಮ ಫ್ರೀಯೇ. ‘ಡಿಸೀಸ್ ಫ್ರೀ ಲೇಯಿಂಗ್’, ರೋಗವಿಲ್ಲದ ಮೊಟ್ಟೆ. ಹತ್ತೊಂಬತ್ತನೇ ಶತಮಾನದಲ್ಲಿ ಗಂಟುರೋಗ ಬಂದು ಫ್ರಾನ್ಸ್ ದೇಶದ ರೇಷ್ಮೆಯೇ ನೆಲಕಚ್ಚಿದಾಗ, 1865ರಲ್ಲಿ ಅದರ ಬೆನ್ನು ಹತ್ತಿದವನು ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದನಲ್ಲ, ಅವನೇ. ರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂದು ತಿಳಿದು ಅವನು ಮಾಡಿದ ಉಪಾಯ ಸರಳವಾಗಿತ್ತು. ಪ್ರತಿ ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಲು ಬಿಡುವುದು, ಆಮೇಲೆ ಆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣವಿಲ್ಲದಿದ್ದರೆ ಮೊಟ್ಟೆ ಉಳಿಸಿಕೊಳ್ಳುವುದು, ಇದ್ದರೆ ಸುಡುವುದು. ಇಂದಿಗೂ ಮೊಟ್ಟೆ ತಯಾರಿಸುವ ಕಡೆ ತಾಯಿಚಿಟ್ಟೆಯ ಪರೀಕ್ಷೆ ಇದೇ ದಾರಿಯಲ್ಲಿ ನಡೆಯುತ್ತದೆ. ಅಮ್ಮನನ್ನು ಅರೆದು ನೋಡಿದ ಮೇಲೇ ಮಕ್ಕಳಿಗೆ ಫ್ರೀ ಎಂಬ ಸರ್ಟಿಫಿಕೇಟು.

ಮೊಟ್ಟೆಯೊಡೆದು ಹುಳುವಾಗಿ ಗೂಡು ಕಟ್ಟುವವರೆಗೆ ಹೆಚ್ಚು ಕಡಿಮೆ ನಾಲ್ಕು ವಾರ. ನಡುವೆ ನಾಲ್ಕು ಸಲ ಹುಳು ಪೊರೆ ಬಿಡುತ್ತದೆ; ನಮ್ಮ ಕಡೆ ಅದಕ್ಕೆ ‘ಜ್ವರ’ ಅನ್ನುತ್ತಾರೆ. ನಾಲ್ಕನೇ ಜ್ವರದಿಂದೆದ್ದ ಹುಳುವಿನ ಹಸಿವಿಗೆ ಮಿತಿಯಿಲ್ಲ. ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಆಗ ಆ ಮನೆಯ ಹೆಂಗಸರಿಗೆ ರಾತ್ರಿಯೆಂಬುದಿಲ್ಲ. ಸೊಪ್ಪು ಕೊಯ್ಯಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ನಡುವೆ ಮನೆಯವರ ಊಟ, ಮಕ್ಕಳ ಶಾಲೆ, ಹಸುವಿನ ಹಾಲು. ಗೂಡು ಮಾರುಕಟ್ಟೆಗೆ ಹೋದಾಗ ಹಣ ಯಾರ ಹೆಸರಿಗೆ ಬರುತ್ತದೋ ಅವರು ರೇಷ್ಮೆ ಬೆಳೆಗಾರರು. ‘ನೀವೇನು ಕೆಲಸ ಮಾಡ್ತೀರಮ್ಮಾ?’ ಎಂದು ಗಣತಿಯವರು ಬಂದು ಕೇಳಿದರೆ ಅದೇ ಹೆಂಗಸು ಕೈಯಲ್ಲಿನ ಹಿಪ್ಪುನೇರಳೆ ಕಲೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ‘ಏನೂ ಇಲ್ಲ ಸಾರ್, ಮನೇಲೇ ಇರ್ತೀನಿ’ ಅನ್ನುತ್ತಾಳೆ.

ಕೇಂದ್ರ ಸರ್ಕಾರದವರು 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ಹಾಕಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರಂತೆ. ಆ ಕೆಲಸಕ್ಕೆ ಕೈಹಾಕಿದ ಗಂಡಸರು 97 ನಿಮಿಷ. ಕೈಹಾಕುವ ಗಂಡಸರೇ ನೂರಕ್ಕೆ ಇಪ್ಪತ್ತಾರು ಮಂದಿ ಎಂಬುದನ್ನೂ ನೆನಪಿಡಿ. ದಿನಕ್ಕೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ನಾವು ಫ್ರೀ ಇರುವ ಹೊತ್ತು ಅದು!

ಲೆಕ್ಕದ ಮಾತು ಬಂದಾಗ ಎದುರು ಮಾತೊಂದು ಬಂದೇ ಬರುತ್ತದೆ. ‘ಪ್ರೀತಿಯಿಂದ ಮಾಡೋದಕ್ಕೆ ಲೆಕ್ಕ ಇಡ್ತಾರೇನ್ರೀ? ತಾಯಿ ಮಾಡೋ ಅಡಿಗೆಗೆ ರೇಟು ಕಟ್ಟೋಕಾಗುತ್ತಾ?’ ಈ ಮಾತನ್ನು ಆಡುವವರು ಸಾಮಾನ್ಯವಾಗಿ ಆ ಅಡಿಗೆಯನ್ನು ಉಣ್ಣುತ್ತ ಕೂತಿರುತ್ತಾರೆ ಎಂಬುದನ್ನು ಬದಿಗಿಟ್ಟು ನೋಡಿದರೂ, ಅದರಲ್ಲಿ ಸತ್ಯವಿಲ್ಲದಿಲ್ಲ. ಮಗುವಿಗೆ ಹಾಲು ಕುಡಿಸಿದ್ದಕ್ಕೆ ಬಿಲ್ಲು ಬರೆಯುವ ತಾಯಿ ಯಾರಿಗೂ ಬೇಡ. ಆದರೆ ಬೆಲೆ ಕಟ್ಟುವವರು ಇದ್ದಾರೆ, ಯಾವಾಗ ಗೊತ್ತೇ? ಆಕೆ ಸತ್ತ ಮೇಲೆ. ಅಪಘಾತದಲ್ಲಿ ಗೃಹಿಣಿ ತೀರಿಕೊಂಡರೆ ಪರಿಹಾರ ಎಷ್ಟೆಂದು ತೀರ್ಮಾನಿಸಲು ನ್ಯಾಯಾಲಯ ಆಕೆಯ ಮನೆಗೆಲಸಕ್ಕೆ ಬೆಲೆ ಹಾಕಬೇಕಾಗುತ್ತದೆ. 2001ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜು ಮಾಡಿತು. 2001ರ ಜನಗಣತಿ ಮನೆವಾಳ್ತೆಯ ಹೆಂಗಸರನ್ನು ‘ಕೆಲಸ ಮಾಡದವರು’ ಎಂದು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದನ್ನು 2010ರ ಇನ್ನೊಂದು ತೀರ್ಪು ಖಂಡಿಸಿತು. 2021ರ ಜನವರಿಯಲ್ಲಿ, ರಸ್ತೆ ಅಪಘಾತದಲ್ಲಿ ಸತ್ತ ದಂಪತಿಯ ಪ್ರಕರಣದಲ್ಲಿ, ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಹಿಡಿಯಲೇಬೇಕೆಂದು ಅದೇ ನ್ಯಾಯಾಲಯ ಮತ್ತೆ ಸ್ಪಷ್ಟಪಡಿಸಿತು. ಒಳ್ಳೆಯದೇ. ಆದರೆ ಬದುಕಿದ್ದಾಗ ಫ್ರೀ, ಸತ್ತಾಗ ರೇಟು ಎಂಬುದು ವಿಚಿತ್ರವಲ್ಲವೇ?

ನನಗೆ ಈ ಪ್ರಶ್ನೆ ತೀರ ಹತ್ತಿರ ಬಂದದ್ದು ನಮ್ಮ ಅತ್ತೆಯವರ ಕಾಲದಲ್ಲಿ. ಕೊನೆಯ ಆರು ವರ್ಷ ಅವರು ಹಾಸಿಗೆ ಹಿಡಿದಿದ್ದರು. ಮಗ್ಗುಲು ಬದಲಾಯಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಬಟ್ಟೆ ಬಿಸಿನೀರಿನಲ್ಲಿ ಅದ್ದುವುದು, ಎಲ್ಲ ನನ್ನ ಪಾಲಿಗೆ ಬಂತು. ನೆಂಟರು ಫೋನು ಮಾಡಿ ‘ನಾವೆಲ್ಲ ಡ್ಯೂಟಿಗೆ ಹೋಗೋರು, ನೀವು ಮನೇಲಿ ಫ್ರೀ ಇರೋದರಿಂದ ಆಯ್ತು’ ಅನ್ನುತ್ತಿದ್ದರು. ಕೃತಜ್ಞತೆ ಎಂದೇ ಅವರು ಅದನ್ನು ಹೇಳುತ್ತಿದ್ದುದು. ಅತ್ತೆ ಮಾತ್ರ ಆ ಮಾತನ್ನು ಒಂದು ದಿನವೂ ಆಡಲಿಲ್ಲ. ಅವರಿಗೆ ಇಂಗ್ಲಿಷ್ ಬಾರದು ಎಂಬುದು ಕಾರಣವಲ್ಲ. ಡಾಕ್ಟರು, ಇಂಜೆಕ್ಷನ್ನು, ಟೆನ್ಷನ್ನು ಎಲ್ಲ ಅವರ ಬಾಯಲ್ಲಿ ಬರುತ್ತಿತ್ತು. ಅವರು ಹೇಳುತ್ತಿದ್ದುದು ಹೀಗೆ: ‘ನಿಂಗೆ ಬಿಡುವಾದಾಗ ಒಂದು ಗಳಿಗೆ ಬಂದು ಕೂತ್ಕೋಮ್ಮ.’ ಬೆನ್ನು ಉರಿಯುತ್ತಿದ್ದರೂ ಹಾಗೇ ಹೇಳುತ್ತಿದ್ದರು.

ಅವರ ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಹತ್ತಿರದವರೊಬ್ಬರು ನನ್ನ ಬೆನ್ನು ಸವರಿ ‘ಅಂತೂ ಇನ್ನು ನೀನು ಫ್ರೀ ಆದೆ ಬಿಡು’ ಎಂದರು. ಮರುಕದಿಂದಲೇ ಹೇಳಿದ್ದು. ಆದರೆ ಅದಾಗಿ ಎಷ್ಟೋ ತಿಂಗಳು ರಾತ್ರಿ ಎರಡು ಗಂಟೆಗೆ, ಅವರ ಮಗ್ಗುಲು ಬದಲಿಸುವ ಹೊತ್ತಿಗೆ, ನನಗೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಕತ್ತಲಲ್ಲಿ ಕೂತು ಯೋಚಿಸುತ್ತಿದ್ದೆ. ಆರು ವರ್ಷ ನಾನು ಮಾಡಿದ್ದು ಉಚಿತವೋ ಬಿಟ್ಟಿಯೋ? ಕೆಲಸ ಒಂದೇ, ಕೈ ಒಂದೇ, ಅದೇ ಬಟ್ಟೆ, ಅದೇ ಬಿಸಿನೀರು. ನೆಂಟರ ಫೋನು ಬಂದ ದಿನ ಅದು ಬಿಟ್ಟಿಯೆನಿಸುತ್ತಿತ್ತು. ಅತ್ತೆ ‘ಬಿಡುವಾದಾಗ’ ಎಂದ ದಿನ ಹಾಗೆನಿಸುತ್ತಿರಲಿಲ್ಲ. ಅವರು ಕರೆದಾಗ ನಾನು ಒಲ್ಲೆ ಎನ್ನುವಂತಿತ್ತೇ? ಇರಲಿಲ್ಲ. ಆದರೂ ಬಿಡುವು ಎಂಬ ಮಾತಿನಲ್ಲಿ ಅವರು ಒಂದನ್ನು ಒಪ್ಪಿಕೊಂಡಿದ್ದರು: ಈ ಹೊತ್ತು ನನ್ನದು, ಅದರ ಒಡತಿ ನಾನು, ಅದರಲ್ಲಿ ಒಂದಿಷ್ಟನ್ನು ಅವರಿಗೆ ಕೊಡುತ್ತಿದ್ದೇನೆ ಎಂಬುದನ್ನು. ಒಡತಿಯಿಲ್ಲದ ವಸ್ತುವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಒಡತಿಯಿರುವುದನ್ನು ಕೇಳಿ ಪಡೆಯಬೇಕು.

ಇಂಗ್ಲಿಷಿನ ಈ ಫ್ರೀ ಎಲ್ಲಿಂದ ಬಂತೆಂದು ಹುಡುಕಿದವರು ಹೇಳುವುದನ್ನು ಓದಿ ನಾನು ಬೆರಗಾದೆ. ಅದು ನಮ್ಮ ‘ಪ್ರಿಯ’ ಶಬ್ದದ ಅಕ್ಕತಂಗಿಯಂತೆ! ಎರಡರ ಬೇರೂ ಒಂದೇ, ಪ್ರೀತಿಸು ಎಂಬರ್ಥದ ಧಾತು. ಇಂಗ್ಲಿಷಿನ ‘ಫ್ರೆಂಡ್’ ಕೂಡ ಅದೇ ಬಳ್ಳಿಯದು. ‘ಫ್ರೈಡೇ’ಗೆ ಹೆಸರು ಕೊಟ್ಟ ಅವರ ಹಳೆಯ ದೇವತೆಯ ಹೆಸರೂ ಅದೇ ಬಳ್ಳಿಯದು, ನಮ್ಮ ಶುಕ್ರವಾರವೂ ಲಕ್ಷ್ಮಿಯದೇ ಅಲ್ಲವೇ? ಹಿಂದಿನ ಕಾಲದಲ್ಲಿ ಅಲ್ಲಿನ ಒಂದು ದೊಡ್ಡ ಮನೆಯಲ್ಲಿ ಎರಡು ಬಗೆಯ ಜನ ಇರುತ್ತಿದ್ದರು. ಯಜಮಾನನ ರಕ್ತಸಂಬಂಧಿಗಳಾದ ಪ್ರೀತಿಪಾತ್ರರು ಒಂದು ಕಡೆ, ಗುಲಾಮರು ಇನ್ನೊಂದು ಕಡೆ. ಪ್ರೀತಿಪಾತ್ರರು ಯಾರೋ ಅವರು ಫ್ರೀ. ಹೀಗೆ ‘ಪ್ರಿಯ’ ಎಂಬರ್ಥದ ಮಾತು ‘ಸ್ವತಂತ್ರ’ ಎಂದಾಯಿತು. ಬೆಲೆಯಿಲ್ಲದ್ದು ಎಂಬ ಅರ್ಥ ಅದಕ್ಕೆ ಅಂಟಿದ್ದು ಬಹಳ ಆಮೇಲೆ.

ನಮ್ಮ ವಿಜಯಪುರದಲ್ಲಿ ಅರ್ಧ ಊರಿಗೆ ತೆಲುಗು ಬರುತ್ತದೆ. ತೆಲುಗಿನಲ್ಲಿ ಚಿನ್ನವೋ ಬೇಳೆಯೋ ತುಟ್ಟಿಯಾದರೆ ‘ಪ್ರಿಯಮು’ ಆಯಿತು ಅನ್ನುತ್ತಾರೆ. ಇದೇ ಪ್ರಿಯ ಅಲ್ಲಿ ದುಬಾರಿ! ಒಂದೇ ಬೇರಿನಿಂದ ಒಂದು ಕೊಂಬೆಯಲ್ಲಿ ಬೆಲೆಯೇ ಇಲ್ಲದ್ದು, ಇನ್ನೊಂದು ಕೊಂಬೆಯಲ್ಲಿ ಕೈಗೆಟುಕದಷ್ಟು ಬೆಲೆಯದು. ಹೆಂಗಸಿನ ಹೊತ್ತಿನ ವಿಷಯದಲ್ಲಿ ಎರಡೂ ನಿಜ ಎನಿಸಿತು ನನಗೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಇಷ್ಟು: ನಾವು ಮನೆಯಲ್ಲಿ ಫ್ರೀಯಾಗಿ ದುಡಿಯುವುದು ಆ ಹಳೆಯ ಮನೆಯ ಯಾವ ಕಡೆಯವರ ಹಾಗೆ? ಪ್ರಿಯರ ಹಾಗೋ, ಇನ್ನೊಬ್ಬರ ಹಾಗೋ? ಒಲ್ಲೆ ಎನ್ನಲು ಸಾಧ್ಯವಿದ್ದರೆ ಪ್ರೀತಿ, ಇಲ್ಲದಿದ್ದರೆ ಬಿಟ್ಟಿ ಎಂದು ಹೇಳಿಬಿಡುವುದು ಸುಲಭ. ಆದರೆ ಹಸಿದು ಅಳುವ ಮಗುವಿಗೆ ಯಾವ ತಾಯಿ ಒಲ್ಲೆ ಎಂದಾಳು? ಅನಿವಾರ್ಯವೇ ಬೇರೆ, ಬಿಟ್ಟಿಯೇ ಬೇರೆ. ಮಗುವಿನ ಹಸಿವು, ಮುದುಕಿಯ ಬೆನ್ನುರಿ ಇವು ಮನೆಮಂದಿಯನ್ನೆಲ್ಲ ಕಟ್ಟುವ ಅನಿವಾರ್ಯಗಳು. ಮನೆಮಂದಿಯೆಲ್ಲ ಮೆಲ್ಲಗೆ ಗಂಟು ಬಿಚ್ಚಿಕೊಂಡು ಹೊರಟು, ಒಬ್ಬಳನ್ನೇ ಅಲ್ಲಿ ಕಟ್ಟಿ, ‘ಅವಳು ಫ್ರೀ’ ಎಂದು ಹೇಳುತ್ತಾರಲ್ಲ, ಅಲ್ಲಿ ಅನಿವಾರ್ಯ ಬಿಟ್ಟಿಯಾಗುತ್ತದೆ. ಕಟ್ಟಿಹಾಕಿದವಳನ್ನೇ ಫ್ರೀ ಎನ್ನುವ ವಿನೋದ ಬೇರೆ ಯಾವ ಮಾತಿಗೂ ಸಾಧ್ಯವಾಗಿಲ್ಲ.

ಹಾಗೆಂದು ಫ್ರೀ ಎಂಬುದೆಲ್ಲ ಮೋಸ ಎಂದು ನಾನು ಹೇಳಲಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಗೆ ಹಣವಿಲ್ಲವೆಂದಾದಾಗ ‘ಫ್ರೀ ಬಸ್ಸು, ಫ್ರೀ ಬಸ್ಸು’ ಎಂದು ನಕ್ಕವರು ಬಹಳ. ಆ ಬಸ್ಸಿನ ಖರ್ಚೂ ಯಾರೋ ಕಟ್ಟಿದ್ದೇ. ಉಪ್ಪಿನಕಾಯಿಯಿಂದ ಸೋಪಿನವರೆಗೆ ಕೊಂಡದ್ದಕ್ಕೆಲ್ಲ ತೆರಿಗೆ ಕೊಡುವ ನಾವೂ ಕಟ್ಟಿದ್ದೇವೆ. ನಾನು ಗಮನಿಸಿದ್ದು ಬೇರೊಂದು. ಬೆಂಗಳೂರಿನಲ್ಲಿರುವ ತಾಯಿಯನ್ನು ನೋಡಲು ಬಸ್ ಚಾರ್ಜು ಕೇಳಿ, ‘ಹೋದ ತಿಂಗಳು ತಾನೇ ಹೋಗಿ ಬಂದೆ’ ಎಂದು ಅನ್ನಿಸಿಕೊಂಡು ಸುಮ್ಮನಾಗುತ್ತಿದ್ದ ಹೆಂಗಸರು ಈಗ ಕೇಳದೆ ಹೋಗಿ ಬರುತ್ತಾರೆ. ಟಿಕೆಟ್ಟಿನ ಮೇಲಿನ ಸೊನ್ನೆ ಅವರಿಗೆ ಉಳಿಸಿದ್ದು ಹಣವನ್ನಷ್ಟೇ ಅಲ್ಲ, ಆ ಕೇಳುವ ಸಂಕಟವನ್ನೂ. ಪುಕ್ಕಟೆ ಎಂಬ ಅರ್ಥವೂ ಬಿಡುಗಡೆ ಎಂಬ ಅರ್ಥವೂ ಒಂದೇ ಚೀಟಿಯಲ್ಲಿ ಕೂಡಿದ್ದನ್ನು ನಾನು ಅಲ್ಲಿ ಕಂಡೆ.

ನಮ್ಮ ತಾಲ್ಲೂಕಿನಲ್ಲೇ 2008ರಿಂದ ವಿಮಾನ ನಿಲ್ದಾಣವಿದೆ. ವಿಮಾನ ಹತ್ತದಿದ್ದರೂ ನಮ್ಮ ಸುತ್ತಿನ ಎಷ್ಟೋ ಹೆಣ್ಣುಮಕ್ಕಳು ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಹೊರದೇಶಕ್ಕೆ ಹೋಗುವವರ ಕಡೆ ‘ಡ್ಯೂಟಿ ಫ್ರೀ’ ಎಂಬ ಅಂಗಡಿಗಳಿವೆ ಎಂದು ಅವರಲ್ಲೊಬ್ಬಳು ಹೇಳಿದಾಗ ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು ‘ಡ್ಯೂಟಿ ಇಲ್ಲದೋರು ಹೋಗೋ ಅಂಗಡೀನಾ? ಹಾಗಾದ್ರೆ ನಮ್ಮನ್ನ ಒಳಗೆ ಬಿಡಲ್ಲ ಬಿಡು’ ಎಂದರು. ಸುಂಕವಿಲ್ಲದ ಅಂಗಡಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ಎಲ್ಲರೂ ನಗುತ್ತಿದ್ದೆವು. ಆ ನಗುವಿನಲ್ಲಿ ಇದ್ದದ್ದು ಬರೀ ತಮಾಷೆಯಲ್ಲ.

ಫ್ರೀ ಎಂಬ ಮಾತನ್ನು ಓಡಿಸಿ ಹಳೆಯ ಮಾತುಗಳನ್ನೆಲ್ಲ ತರಬೇಕೆಂದು ನನ್ನ ವಾದವಲ್ಲ. ನಾಲಿಗೆಗೆ ಒಗ್ಗಿದ ಮಾತು ಯಾರ ಅಪ್ಪಣೆಗೂ ಕಾಯುವುದಿಲ್ಲ. ಆದರೆ ಅದನ್ನು ಆಡುವಾಗ ಅದರ ಹಿಂದೆ ನಿಂತ ಕನ್ನಡದ ಮಾತು ಯಾವುದೆಂದು ಒಂದು ಕ್ಷಣ ನೋಡಬಹುದಲ್ಲ? ಅದು ಬಿಡುವೋ, ಉಚಿತವೋ, ಬಿಟ್ಟಿಯೋ? ಸೊಸೆಯನ್ನು ಕರೆಯುವಾಗ, ಮನೆಗೆಲಸಕ್ಕೆ ಬರುವವಳಿಗೆ ‘ಹೇಗೂ ಬಂದಿದ್ದೀಯ, ಇದೊಂದು ಮಾಡಿಬಿಡು’ ಎನ್ನುವಾಗ, ಓದುತ್ತ ಕೂತ ಮಗಳನ್ನೇ ಎಬ್ಬಿಸಿ ಪಕ್ಕದಲ್ಲಿ ಕೂತ ಮಗನನ್ನು ಬಿಡುವಾಗ, ಈ ಪ್ರಶ್ನೆ ನಮ್ಮ ಮನೆಯೊಳಗೇ ಬೇಕಾಗುತ್ತದೆ. ಕೇಳಿ ಪಡೆದದ್ದು ಕೊಸರಾಗಿ ಬರುತ್ತದೆ, ಮನಸ್ಸು ತುಂಬುತ್ತದೆ. ಕೇಳದೆ ತೆಗೆದುಕೊಂಡದ್ದರಲ್ಲಿ ಆ ತುಂಬುವಿಕೆ ಇರುವುದಿಲ್ಲ, ಎಷ್ಟೇ ಬಂದರೂ.

ಇತ್ತೀಚೆಗೆ ಯಾರಾದರೂ ‘ಫ್ರೀ ಇದ್ದೀರಾ?’ ಎಂದರೆ ನಾನು ಗಡಿಯಾರ ನೋಡಿ ‘ನಾಲ್ಕು ಗಂಟೆಗೆ ಬಿಡುವು ಮಾಡ್ಕೋತೀನಿ, ಆಗಬಹುದಾ?’ ಅನ್ನುತ್ತೇನೆ. ಬಿಡುವು ತಾನಾಗಿ ಬಿದ್ದಿರುವುದಿಲ್ಲ, ಮಾಡಿಕೊಳ್ಳಬೇಕು ಎಂದು ಅವರಿಗೂ ತಿಳಿಯುತ್ತದೆ. ಬಹುಪಾಲು ಜನ ‘ಓ, ಧಾರಾಳವಾಗಿ’ ಅನ್ನುತ್ತಾರೆ. ನಾಲ್ಕು ಗಂಟೆಗೆ ಅವರ ಮಗು ಬಂದರೆ, ನನ್ನ ಹೊತ್ತನ್ನು ನಾನೇ ಕೈಯಾರೆ ಕೊಟ್ಟ ಸಂತೋಷದಲ್ಲಿ ಅದಕ್ಕೆ ಚಕ್ಕುಲಿಯನ್ನೂ ಕೊಡುತ್ತೇನೆ.